ವಿಮಾನನಿಲ್ದಾಣಗಳ ಅಂತರವೂ ಪ್ರಯಾಣಕಾಲವೂ

ರಘುವಂಶದ ಹದಿಮೂರನೆಯ ಸರ್ಗದಲ್ಲಿ ಶ್ರೀರಾಮನು ಸೀತಾಸಮೇತನಾಗಿ ಪುಷ್ಪಕವನ್ನೇರಿ ಲಂಕೆಯಿಂದ ಅಯೋಧ್ಯೆಯತ್ತ ಬರುವ ವರ್ಣನೆಯಿದೆಯಷ್ಟೆ. ಆ ಸರ್ಗವನ್ನು ಪಾಠ ಹೇಳುವಾಗ, ಅಷ್ಟು ದೂರವನ್ನು ದಾಟಲು ಎಷ್ಟು ಹೊತ್ತು ಹಿಡಿಯಿತೆಂದು ವಿದ್ಯಾರ್ಥಿಯು ಕೇಳುವುದು ಸಹಜವಾಗಿದೆ. ಕವಿಗೆ ಈ ಪ್ರಶ್ನೆಯು ಬೇಕಿಲ್ಲ; ಅವನು ಮಾರ್ಗವನ್ನು ಸಮುದ್ರ, ಜನಸ್ಥಾನ, ಚಿತ್ರಕೂಟ, ಗಂಗಾಯಮುನಾಸಂಗಮ ಎಂಬ ದೃಶ್ಯಗಳಿಂದ ಅಳೆಯುತ್ತಾನೆ. ಆದರೆ ಪ್ರತಿದಿನವೂ ಸಹಸ್ರಾರು ಜನರು ಆಕಾಶಮಾರ್ಗದಲ್ಲಿ ಸಂಚರಿಸುವ ಈ ಕಾಲದಲ್ಲಿ ಉಪಾಧ್ಯಾಯನು ಆ ಪ್ರಶ್ನೆಗೆ ಯುಕ್ತವಾದ ಉತ್ತರವನ್ನು ಕೊಡಬೇಕಾದರೆ, ಪ್ರಶ್ನೆಯಲ್ಲಿಯೇ ಅಡಗಿರುವ ಒಂದು ಭ್ರಾಂತಿಯನ್ನು ಮೊದಲು ನಿವಾರಿಸಬೇಕಾಗುತ್ತದೆ. ದೂರವೊಂದು ತಿಳಿದರೆ ಕಾಲವು ತಾನಾಗಿಯೇ ತಿಳಿಯುತ್ತದೆಂಬುದೇ ಆ ಭ್ರಾಂತಿ.

ವಸ್ತುತಃ ಇಲ್ಲಿ ವಿವೇಚಿಸಬೇಕಾದ ಪದಾರ್ಥಗಳು ಮೂರು. ಎರಡು ಸ್ಥಳಗಳ ನಡುವೆ ಭೂಗೋಲದ ಮೇಲಿರುವ ಅತ್ಯಲ್ಪವಾದ ಅಳತೆಯು ಅಂತರ. ವಿಮಾನವು ನಿಜವಾಗಿ ಹಿಡಿದುಹೋಗುವ ದಾರಿಯು ಮಾರ್ಗ. ಹೊರಟಂದಿನಿಂದ ಸೇರುವವರೆಗೆ ಸಲ್ಲುವ ಹೊತ್ತು ಕಾಲ. ಅಂತರವು ಗಣಿತದಿಂದ ಸಿದ್ಧವಾದುದು, ಎಂದಿಗೂ ಬದಲಾಗದು. ಮಾರ್ಗವು ಗಾಳಿಗೂ ರಾಜ್ಯಗಳ ಅನುಮತಿಗೂ ಅಧೀನವಾದುದು. ಕಾಲವಾದರೋ ಈ ಎರಡರ ಮೇಲೆ ಇನ್ನೂ ಕೆಲವನ್ನು ಅವಲಂಬಿಸಿರುತ್ತದೆ. ಈ ಮೂರರಲ್ಲಿ ಮೊದಲನೆಯದನ್ನು ಸಾಧಿಸುವ ಯುಕ್ತಿಯು ಸಿದ್ಧಾಂತಗ್ರಂಥಗಳನ್ನು ಓದಿದವರಿಗೆ ಹೊಸದಲ್ಲವೆಂಬುದನ್ನೂ, ಉಳಿದೆರಡನ್ನು ಅದರಿಂದ ಊಹಿಸಲಾಗದೆಂಬುದನ್ನೂ ಉದಾಹರಣಪೂರ್ವಕವಾಗಿ ತೋರಿಸುವುದೇ ಪ್ರಕೃತ ಲೇಖನದ ಉದ್ದೇಶವಾಗಿದೆ.

೧. ಒಂದೇ ರೇಖೆಯ ಮೇಲಿನ ಎರಡು ನಿಲ್ದಾಣಗಳು

ಮೊದಲು ಸುಲಭವಾದ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ದೇವನಹಳ್ಳಿಯ ಬಳಿ ೨೦೦೮ರಲ್ಲಿ ಆರಂಭವಾದ ಬೆಂಗಳೂರಿನ ಕೆಂಪೇಗೌಡ ವಿಮಾನನಿಲ್ದಾಣದ ಅಕ್ಷಾಂಶವು ಉತ್ತರ ೧೩ ಅಂಶ ೧೨ ಕಲೆ, ರೇಖಾಂಶವು ಪೂರ್ವ ೭೭ ಅಂಶ ೪೨ ಕಲೆ. ದಿಲ್ಲಿಯ ಇಂದಿರಾಗಾಂಧಿ ವಿಮಾನನಿಲ್ದಾಣದ ಅಕ್ಷಾಂಶವು ಉತ್ತರ ೨೮ ಅಂಶ ೩೩ ಕಲೆ, ರೇಖಾಂಶವು ಪೂರ್ವ ೭೭ ಅಂಶ ೬ ಕಲೆ. ರೇಖಾಂಶಗಳಲ್ಲಿ ವ್ಯತ್ಯಾಸವು ಕೇವಲ ೩೬ ಕಲೆಗಳಾದುದರಿಂದ ಇವೆರಡೂ ಹೆಚ್ಚುಕಡಮೆ ಒಂದೇ ದಕ್ಷಿಣೋತ್ತರರೇಖೆಯ ಮೇಲಿವೆಯೆಂದು ಹೇಳಬಹುದು. ಲಂಕೆಯಿಂದ ಉಜ್ಜಯಿನಿ, ಕುರುಕ್ಷೇತ್ರಗಳ ಮೂಲಕ ಮೇರುವಿಗೆ ಹೋಗುವುದೆಂದು ಸಿದ್ಧಾಂತಿಗಳು ಹೇಳುವ ಮಧ್ಯರೇಖೆಯೂ ಇದಕ್ಕೆ ಸಮೀಪದಲ್ಲಿಯೇ ಇದೆ. ಉಜ್ಜಯಿನಿಯ ರೇಖೆಗೂ ಬೆಂಗಳೂರಿನ ನಿಲ್ದಾಣದ ರೇಖೆಗೂ ಎರಡು ಅಂಶಗಳಷ್ಟು ಕೂಡ ವ್ಯತ್ಯಾಸವಿಲ್ಲ. ಸಿದ್ಧಾಂತದ ಲಂಕೆಯು ನಿರಕ್ಷದೇಶದಲ್ಲಿ, ಎಂದರೆ ಅಕ್ಷಾಂಶವೇ ಇಲ್ಲದ ಕಡೆ, ಗಣಿತಕ್ಕಾಗಿ ಅಂಗೀಕರಿಸಿದ ಸ್ಥಾನವೆಂಬುದನ್ನು ಮಾತ್ರ ಮರೆಯಬಾರದು. ಅದನ್ನು ಇಂದಿನ ಶ್ರೀಲಂಕೆಯೊಡನೆ ಕಲಸುವುದು ಪ್ರಮಾದವೇ ಸರಿ.

ಒಂದೇ ರೇಖೆಯ ಮೇಲಿರುವ ಎರಡು ಊರುಗಳ ಯೋಜನಾಂತರವನ್ನೂ ಅಕ್ಷಾಂಶಗಳ ವಿಶ್ಲೇಷವನ್ನೂ ತಿಳಿದು, ಇಷ್ಟು ಅಂಶಗಳಿಗೆ ಇಷ್ಟು ಯೋಜನಗಳಾದರೆ ೩೬೦ ಅಂಶಗಳಿಗೆ ಎಷ್ಟೆಂಬ ತ್ರೈರಾಶಿಕದಿಂದ ಭೂಪರಿಧಿಯನ್ನು ಸಾಧಿಸಬೇಕೆಂದು ಭಾಸ್ಕರಾಚಾರ್ಯನು ೧೧೫೦ರ ಸಿದ್ಧಾಂತಶಿರೋಮಣಿಯ ಗೋಲಾಧ್ಯಾಯದಲ್ಲಿ ಹೇಳಿದ್ದಾನೆ. ಆ ತ್ರೈರಾಶಿಕವನ್ನೇ ವಿಲೋಮವಾಗಿ ನಡೆಸಿದರೆ ವಿಮಾನನಿಲ್ದಾಣಗಳ ಅಂತರವು ದೊರೆಯುತ್ತದೆ. ಇಲ್ಲಿ ಅಕ್ಷವಿಶ್ಲೇಷವು ೧೫ ಅಂಶ ೨೧ ಕಲೆ, ಎಂದರೆ ೯೨೧ ಕಲೆ. ರೇಖಾಂಶಗಳ ಅಲ್ಪವ್ಯತ್ಯಾಸವನ್ನೂ ಸೇರಿಸಿದರೆ ೯೨೨ ಕಲೆಗಳಾಗುತ್ತವೆ.

ಈ ಕಲೆಗಳನ್ನು ಬೇರೊಂದು ಮಾನಕ್ಕೆ ತಿರುಗಿಸುವ ಮೊದಲು ಒಂದು ಸಂಗತಿಯನ್ನು ಗಮನಿಸತಕ್ಕದ್ದು. ವಿಮಾನಚಾಲಕರು ಇಂದಿಗೂ ದೂರವನ್ನು ಎಣಿಸುವುದು ಕಿಲೋಮೀಟರಿನಲ್ಲಿ ಅಲ್ಲ, ನಾಟಿಕಲ್ ಮೈಲಿಯಲ್ಲಿ. ನಾಟಿಕಲ್ ಮೈಲಿಯೆಂಬುದು ಮೂಲತಃ ಭೂಪರಿಧಿಯ ೨೧,೬೦೦ನೆಯ ಒಂದು ಭಾಗ, ಎಂದರೆ ನಮ್ಮ ಒಂದು ಕಲೆಯೇ. ಈಗ ಅದನ್ನು ೧,೮೫೨ ಮೀಟರುಗಳೆಂದು ನಿಗದಿಮಾಡಿದ್ದಾರೆ. ಪರಿಧಿಯನ್ನು ೨೧,೬೦೦ ಕಲೆಗಳಾಗಿ ವಿಭಾಗಿಸಿ ತ್ರಿಜ್ಯೆಯನ್ನು ೩,೪೩೮ ಎಂದು ಸ್ವೀಕರಿಸಿದ ಸಿದ್ಧಾಂತದ ಮಾನವೂ ವಿಮಾನಚಾಲಕನ ಮಾನವೂ ಹೀಗೆ ಒಂದೇ ಆಗುತ್ತವೆ. ೯೨೨ ಕಲೆಗಳೆಂದರೆ ೯೨೨ ನಾಟಿಕಲ್ ಮೈಲಿಗಳು. ಕಿಲೋಮೀಟರಿನಲ್ಲಿ ಸುಮಾರು ೧,೭೦೭. ಭೂಮಿಯು ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆಯಾಗಿರುವುದರಿಂದ ನಿರಕ್ಷದ ಸಮೀಪದಲ್ಲಿ ಒಂದು ಅಕ್ಷಾಂಶದ ಅಳತೆಯು ಕೊಂಚ ಕಡಮೆ. ಆದಕಾರಣ ನಿಜವಾದ ಅಂತರವು ಇದಕ್ಕಿಂತ ಕೆಲವು ಕಿಲೋಮೀಟರುಗಳಷ್ಟು ಕಡಮೆಯಾಗಿ ೧,೭೦೦ರ ಆಸುಪಾಸಿನಲ್ಲಿದೆ.

ಇದನ್ನು ಯೋಜನಗಳಲ್ಲಿ ಹೇಳಬಾರದೇಕೆ ಎಂಬ ಶಂಕೆಯುಂಟಾಗಬಹುದು. ಸಮಾಧಾನವೇನೆಂದರೆ, ಯೋಜನವು ಎಲ್ಲರಿಗೂ ಒಂದೇ ಅಲ್ಲ. ಆರ್ಯಭಟನು ಭೂವ್ಯಾಸವನ್ನು ೧,೦೫೦ ಯೋಜನಗಳೆಂದನು. ಪರಿಧಿಯು ಸುಮಾರು ೩,೨೯೯ ಆಗುತ್ತದೆ. ಸೂರ್ಯಸಿದ್ಧಾಂತದ ವ್ಯಾಸವು ೧,೬೦೦, ಪರಿಧಿಯು ಸುಮಾರು ೫,೦೫೯. ಭಾಸ್ಕರಾಚಾರ್ಯನ ಪರಿಧಿಯು ೪,೯೬೭. ಆದುದರಿಂದ ಬೆಂಗಳೂರು ದಿಲ್ಲಿಗಳ ಇದೇ ಅಂತರವು ಆರ್ಯಭಟನ ಮಾನದಲ್ಲಿ ೧೪೧, ಸೂರ್ಯಸಿದ್ಧಾಂತದ ಮಾನದಲ್ಲಿ ೨೧೬, ಭಾಸ್ಕರಾಚಾರ್ಯನ ಮಾನದಲ್ಲಿ ೨೧೨ ಯೋಜನಗಳಾಗುತ್ತದೆ. ಭೂಮಿಯ ಗಾತ್ರದಲ್ಲಿ ವಿವಾದವಿದ್ದಂತೆ ತೋರುವುದು ಬಹುಮಟ್ಟಿಗೆ ಅಳತೆಗೋಲಿನ ಭೇದವೇ. ಕಾವ್ಯಪುರಾಣಗಳಲ್ಲಿ ಬರುವ ಯೋಜನಸಂಖ್ಯೆಯನ್ನು ಒಂದು ಗುಣಕದಿಂದ ಗುಣಿಸಿ ಕಿಲೋಮೀಟರುಗಳಾಗಿ ಬರೆಯುವವರು ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

೨. ದೇಶಾಂತರವಿರುವಲ್ಲಿ ಅಂತರಸಾಧನೆ

ಎರಡು ಸ್ಥಳಗಳು ಒಂದೇ ರೇಖೆಯ ಮೇಲಿಲ್ಲದಿದ್ದರೆ ಕೇವಲ ತ್ರೈರಾಶಿಕವು ಸಾಲದು. ಅಕ್ಷಾಂತರವನ್ನು ಕೋಟಿಯೆಂದೂ ದೇಶಾಂತರವನ್ನು ಭುಜವೆಂದೂ ಇಟ್ಟು, ವರ್ಗಯೋಗದ ಮೂಲದಿಂದ ಕರ್ಣವನ್ನು ತೆಗೆಯಬಹುದಲ್ಲವೆ ಎಂದು ತೋರಬಹುದು. ಏಳನೆಯ ಶತಮಾನದ ಮೊದಲನೆಯ ಭಾಸ್ಕರನ ಮಹಾಭಾಸ್ಕರೀಯದಲ್ಲಿ ಇದೇ ಕ್ಷೇತ್ರದಿಂದ, ತಿಳಿದ ಕರ್ಣವನ್ನೂ ಕೋಟಿಯನ್ನೂ ಹಿಡಿದು, ದೇಶಾಂತರವನ್ನು ಸಾಧಿಸುವ ಮತವು ಉಕ್ತವಾಗಿದೆ. ಅದರ ಜೊತೆಗೆಯೇ ಆ ಮತಕ್ಕೆ ಆಕ್ಷೇಪವೂ ಉಕ್ತವಾಗಿದೆ. ಜನರು ಹೇಳುವ ದಾರಿಯ ದೂರವು ಸ್ಥೂಲವಾದುದು, ಭೂಮಿಯು ಗೋಲವಾದುದು, ಆದುದರಿಂದ ಸಮತಲದ ತ್ರಿಭುಜನ್ಯಾಯವು ಇಲ್ಲಿ ಸರಿಯಾಗಿ ಸಲ್ಲದೆಂಬುದೇ ಅದರ ತಾತ್ಪರ್ಯ. ಮಾರ್ಗವೂ ಅಂತರವೂ ಬೇರೆಬೇರೆಯೆಂಬ ವಿವೇಕವು ಅಂದೇ ಇದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ಬೇಕಿಲ್ಲ.

ಹಾಗಾದರೆ ಗೋಲದ ಮೇಲೆ ಅಂತರವನ್ನು ಸಾಧಿಸುವುದು ಹೇಗೆ? ಇದಕ್ಕೆ ಬೇಕಾದ ಉಪಕರಣವು ತ್ರಿಪ್ರಶ್ನಾಧಿಕಾರದ ಶಂಕುಸಾಧನದಲ್ಲಿಯೇ ಇದೆ. ಎರಡನೆಯ ಊರಿನ ಖಮಧ್ಯದಲ್ಲಿ ಒಂದು ನಕ್ಷತ್ರವಿದೆಯೆಂದು ಭಾವಿಸಬೇಕು. ಆ ನಕ್ಷತ್ರದ ಕ್ರಾಂತಿಯು ಆ ಊರಿನ ಅಕ್ಷಾಂಶಕ್ಕೆ ಸಮ. ಮೊದಲನೆಯ ಊರಿನವನಿಗೆ ಅದರ ನತವು ಎರಡು ಊರುಗಳ ದೇಶಾಂತರಕ್ಕೆ ಸಮ. ಮೊದಲನೆಯ ಊರಿನ ಖಮಧ್ಯದಿಂದ ಆ ನಕ್ಷತ್ರವು ಎಷ್ಟು ಅಂಶಗಳಷ್ಟು ಬಾಗಿದೆಯೋ ಅಷ್ಟೇ ಅಂಶಗಳು ಊರುಗಳ ಅಂತರ. ಕ್ರಾಂತಿ, ಅಕ್ಷ, ನತ ಇವು ಮೂರರಿಂದ ಇಷ್ಟಕಾಲದ ಶಂಕುವನ್ನು ತರುವ ಕ್ರಮವನ್ನು ಸೂರ್ಯಸಿದ್ಧಾಂತವು ಹೇಳಿಯೇ ಇದೆ. ಅಂತ್ಯೆಯಿಂದ ನತೋತ್ಕ್ರಮಜ್ಯೆಯನ್ನು ಕಳೆದು, ದ್ಯುಜ್ಯೆಯಿಂದಲೂ ಲಂಬಜ್ಯೆಯಿಂದಲೂ ಗುಣಿಸಿ, ತ್ರಿಜ್ಯಾವರ್ಗದಿಂದ ಭಾಗಿಸುವ ಆ ಕ್ರಮವನ್ನು ಬಿಡಿಸಿ ಬರೆದರೆ ಹೀಗಾಗುತ್ತದೆ: ಎರಡು ಊರುಗಳ ಅಕ್ಷಜ್ಯೆಗಳ ಗುಣಲಬ್ಧವನ್ನು ತ್ರಿಜ್ಯೆಯಿಂದ ಭಾಗಿಸಿ ಒಂದೆಡೆ ಇಡಬೇಕು, ಲಂಬಜ್ಯೆಗಳ ಗುಣಲಬ್ಧವನ್ನು ದೇಶಾಂತರದ ಕೋಟಿಜ್ಯೆಯಿಂದ ಗುಣಿಸಿ ತ್ರಿಜ್ಯಾವರ್ಗದಿಂದ ಭಾಗಿಸಿ ಇನ್ನೊಂದೆಡೆ ಇಡಬೇಕು, ಇವೆರಡರ ಯೋಗವು ಅಂತರದ ಕೋಟಿಜ್ಯೆ. ವಿಮಾನಮಾರ್ಗಗಳ ಅಂತರವನ್ನು ಗಣಕಯಂತ್ರಗಳು ಎಣಿಸುವಾಗಲೂ ಇದೇ ಗೋಲೀಯನ್ಯಾಯವು ಆಧಾರವಾಗಿದೆ. ಭೂಮಿಯ ಚಪ್ಪಟೆತನಕ್ಕಾಗಿ ಸೂಕ್ಷ್ಮಸಂಸ್ಕಾರವೊಂದನ್ನು ಸೇರಿಸುತ್ತಾರೆ, ಅಷ್ಟೆ.

ಉದಾಹರಣೆಗೆ ಬೆಂಗಳೂರಿನಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣಕ್ಕಿರುವ ಅಂತರವನ್ನು ತೆಗೆದುಕೊಳ್ಳಬಹುದು. ಆ ನಿಲ್ದಾಣದ ಅಕ್ಷಾಂಶವು ಉತ್ತರ ೩೭ ಅಂಶ ೩೭ ಕಲೆ, ರೇಖಾಂಶವು ಪಶ್ಚಿಮ ೧೨೨ ಅಂಶ ೨೨ ಕಲೆ. ಹತ್ತಿರದ ಪಕ್ಕದಿಂದ ಎಣಿಸಿದರೆ ದೇಶಾಂತರವು ೧೫೯ ಅಂಶ ೫೬ ಕಲೆ. ತ್ರಿಜ್ಯೆಯು ೩,೪೩೮ ಆಗಿರಲು ಬೆಂಗಳೂರಿನ ಅಕ್ಷಜ್ಯೆ ೭೮೫, ಲಂಬಜ್ಯೆ ೩,೩೪೭. ಸ್ಯಾನ್ ಫ್ರಾನ್ಸಿಸ್ಕೊದ ಅಕ್ಷಜ್ಯೆ ೨,೦೯೯, ಲಂಬಜ್ಯೆ ೨,೭೨೩. ದೇಶಾಂತರವು ೯೦ ಅಂಶಗಳನ್ನು ಮೀರಿರುವುದರಿಂದ ಅದರ ಕೋಟಿಜ್ಯೆಯು ಋಣ ೩,೨೨೯. ಮೊದಲನೆಯ ಫಲವು ಧನ ೪೭೯, ಎರಡನೆಯದು ಋಣ ೨,೪೯೦. ಇವುಗಳ ಯೋಗವು ಋಣ ೨,೦೧೧. ಶಂಕುವು ಋಣವಾದುದರಿಂದ ಕಲ್ಪಿತ ನಕ್ಷತ್ರವು ಬೆಂಗಳೂರಿನ ಕ್ಷಿತಿಜಕ್ಕಿಂತ ೩೫ ಅಂಶ ೪೮ ಕಲೆ ಕೆಳಗಿದೆಯೆಂದರ್ಥ. ಖಮಧ್ಯದಿಂದ ಕ್ಷಿತಿಜಕ್ಕಿರುವ ೯೦ ಅಂಶಗಳನ್ನು ಕೂಡಿಸಿದರೆ ೧೨೫ ಅಂಶ ೪೮ ಕಲೆ, ಎಂದರೆ ೭,೫೪೮ ಕಲೆ. ಇಷ್ಟೇ ನಾಟಿಕಲ್ ಮೈಲಿಗಳು. ಕಿಲೋಮೀಟರಿನಲ್ಲಿ ೧೪,೦೦೦ಕ್ಕೆ ಕೊಂಚ ಕಡಮೆ.

ಈ ಅತ್ಯಲ್ಪವಾದ ಮಹಾವೃತ್ತರೇಖೆಯು ಬೆಂಗಳೂರಿನಿಂದ ಈಶಾನ್ಯಕ್ಕೂ ಅಲ್ಲ, ಬಹುಮಟ್ಟಿಗೆ ಉತ್ತರಕ್ಕೇ ಹೊರಟು, ೭೧ನೆಯ ಅಕ್ಷಾಂಶದವರೆಗೂ ಏರಿ, ಬಳಿಕ ದಕ್ಷಿಣಕ್ಕೆ ಇಳಿಯುತ್ತದೆ. ಶಾಲೆಗಳ ಗೋಡೆಯ ಮೇಲೆ ತೂಗುವ ಸಮತಲದ ನಕ್ಷೆಯನ್ನು ನೋಡಿ ಅಭ್ಯಾಸವಾದವರಿಗೆ ಇದು ವಿಚಿತ್ರವಾಗಿ ಕಾಣುವುದು. ಆದರೆ ಮರ್ಕೇಟರನ ರೀತಿಯ ನಕ್ಷೆಯಲ್ಲಿ ಈ ಎರಡು ಊರುಗಳ ನಡುವೆ ಸರಳರೇಖೆಯನ್ನೆಳೆದು ಅದನ್ನೇ ಅನುಸರಿಸಿದರೆ ದಾರಿಯು ಸುಮಾರು ೧೬,೧೦೦ ಕಿಲೋಮೀಟರುಗಳಾಗಿ, ೨,೧೦೦ ಕಿಲೋಮೀಟರುಗಳಷ್ಟು ವ್ಯರ್ಥಪ್ರಯಾಣವಾಗುತ್ತದೆ. ನಕ್ಷೆಯ ಋಜುತ್ವವು ಭೂಮಿಯ ಋಜುತ್ವವಲ್ಲ.

೩. ಅಂತರಕ್ಕೂ ಮಾರ್ಗಕ್ಕೂ ಭೇದ

ಅಂತರವು ಹೀಗೆ ಸಿದ್ಧವಾದರೂ ವಿಮಾನವು ಆ ರೇಖೆಯನ್ನೇ ಹಿಡಿಯಬೇಕೆಂಬ ನಿಯಮವಿಲ್ಲ. ಏರ್ ಇಂಡಿಯಾ ಸಂಸ್ಥೆಯು ೨೦೨೧ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ನಡುವೆ ಎಲ್ಲಿಯೂ ಇಳಿಯದ ಪ್ರಯಾಣವನ್ನು ಆರಂಭಿಸಿದಾಗ, ಮಹಿಳಾಚಾಲಕರೇ ನಡೆಸಿದ ಆ ಮೊದಲ ವಿಮಾನವು ಉತ್ತರಧ್ರುವದ ಮೇಲಿಂದ ಹಾದುಬಂದಿತು. ಧ್ರುವದ ಮೂಲಕ ಬಂದರೆ ಅಂತರವು ಎಷ್ಟು ಹೆಚ್ಚುವುದೆಂಬುದನ್ನು ಎಣಿಸುವುದು ಬಹುಸುಲಭ. ಎರಡೂ ಊರುಗಳ ಲಂಬಾಂಶಗಳನ್ನು ಕೂಡಿಸಿದರೆ ಸಾಕು. ಬೆಂಗಳೂರಿನದು ೭೬ ಅಂಶ ೪೮ ಕಲೆ, ಸ್ಯಾನ್ ಫ್ರಾನ್ಸಿಸ್ಕೊದ್ದು ೫೨ ಅಂಶ ೨೩ ಕಲೆ. ಒಟ್ಟು ೧೨೯ ಅಂಶ ೧೧ ಕಲೆ, ಎಂದರೆ ೭,೭೫೧ ಕಲೆ. ಅತ್ಯಲ್ಪಮಾರ್ಗಕ್ಕಿಂತ ಹೆಚ್ಚಾದುದು ೨೦೩ ಕಲೆ ಮಾತ್ರ. ನೂರಕ್ಕೆ ಮೂರು ಪಾಲಿಗಿಂತಲೂ ಕಡಮೆ. ಬಲವಾದ ಎದುರುಗಾಳಿಯನ್ನು ತಪ್ಪಿಸಿಕೊಳ್ಳುವುದಾದರೆ ಈ ಅಲ್ಪವೃದ್ಧಿಯನ್ನು ಸಹಿಸುವುದರಲ್ಲಿ ಲಾಭವೇ ಉಂಟು.

ಗಾಳಿಯಂತೆ ರಾಜಕೀಯವೂ ಮಾರ್ಗವನ್ನು ಬಾಗಿಸುತ್ತದೆ. ಫಿನ್‌ಲ್ಯಾಂಡಿನ ಹೆಲ್ಸಿಂಕಿಯಿಂದ ಜಪಾನಿನ ಟೋಕಿಯೊವಿಗೆ ಅಂತರವು ಸುಮಾರು ೭,೮೦೦ ಕಿಲೋಮೀಟರು. ರಷ್ಯದ ಆಕಾಶದ ಮೂಲಕ ಹೋಗುತ್ತಿದ್ದಾಗ ಪ್ರಯಾಣಕ್ಕೆ ಒಂಬತ್ತೂವರೆ ಘಂಟೆಗಳ ಆಸುಪಾಸು ಸಾಕಾಗುತ್ತಿತ್ತು. ೨೦೨೨ರಲ್ಲಿ ಯುಕ್ರೇನಿನ ಯುದ್ಧದ ಕಾರಣ ಆ ಆಕಾಶವು ಯೂರೋಪಿನ ವಿಮಾನಗಳಿಗೆ ಮುಚ್ಚಿಹೋಗಲು, ಫಿನ್‌ಲ್ಯಾಂಡಿನ ವಿಮಾನಗಳು ಧ್ರುವವನ್ನು ಸುತ್ತಿ ಸುಮಾರು ಹದಿಮೂರು ಘಂಟೆಗಳ ಪ್ರಯಾಣವನ್ನು ಮಾಡಬೇಕಾಯಿತು. ೨೦೨೫ರ ಏಪ್ರಿಲಿನಲ್ಲಿ ಪಾಕಿಸ್ತಾನವು ಭಾರತದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದಾಗ ದಿಲ್ಲಿಯಿಂದ ಪಶ್ಚಿಮಕ್ಕೆ ಹೋಗುವ ಭಾರತೀಯ ವಿಮಾನಗಳಿಗೂ ಹೀಗೆಯೇ ಸುತ್ತುದಾರಿ ಒದಗಿತು. ಈ ಎರಡು ಕಡೆಗಳಲ್ಲಿಯೂ ಊರುಗಳು ಕದಲಲಿಲ್ಲ. ಅಂತರದಲ್ಲಿ ಒಂದು ಕಲೆಯೂ ಹೆಚ್ಚಲಿಲ್ಲ. ಬದಲಾದುದು ಮಾರ್ಗ ಮಾತ್ರ.

ಮೇಘದೂತದ ಯಕ್ಷನು ಉತ್ತರಕ್ಕೆ ಹೊರಟ ಮೇಘಕ್ಕೆ, ದಾರಿಯು ವಕ್ರವಾದರೂ ಉಜ್ಜಯಿನಿಯನ್ನು ನೋಡಿಯೇ ಹೋಗಬೇಕೆಂದು ಹೇಳುವುದು ಸಾಹಿತ್ಯೋಪಾಧ್ಯಾಯರಿಗೆ ವಿದಿತವಾದುದೇ. ಅಂತರವನ್ನು ಬಲ್ಲವನೇ ಮಾರ್ಗವು ವಕ್ರವೆಂದು ಹೇಳಬಲ್ಲನು. ಅಲ್ಲಿ ವಕ್ರತೆಗೆ ಸೌಂದರ್ಯವು ಕಾರಣ, ಇಲ್ಲಿ ಗಾಳಿಯೂ ಗಡಿಯೂ ಕಾರಣ, ಭೇದವಿಷ್ಟೆ.

೪. ಕಾಲದ ವಿಚಾರ

ಇನ್ನು ಕಾಲವನ್ನು ವಿಚಾರಿಸಬೇಕು. ಪ್ರಯಾಣಿಕರ ವಿಮಾನವು ಎತ್ತರದಲ್ಲಿ ಸ್ಥಿರವಾಗಿ ಸಾಗುವಾಗ ಅದರ ವೇಗವು ಘಂಟೆಗೆ ಸುಮಾರು ೮೫೦ ಕಿಲೋಮೀಟರು. ೧,೭೦೦ನ್ನು ಇದರಿಂದ ಭಾಗಿಸಿದರೆ ಬೆಂಗಳೂರಿನಿಂದ ದಿಲ್ಲಿಗೆ ಎರಡು ಘಂಟೆಗಳಾಗಬೇಕು. ವೇಳಾಪಟ್ಟಿಗಳಲ್ಲಿ ಕಾಣುವುದಾದರೋ ಸುಮಾರು ಎರಡೂ ಮುಕ್ಕಾಲು ಘಂಟೆ. ಈ ವ್ಯತ್ಯಾಸಕ್ಕೆ ಕಾರಣವೇನೆಂದರೆ, ವೇಳಾಪಟ್ಟಿಯ ಕಾಲವು ನೆಲ ಬಿಟ್ಟಂದಿನಿಂದ ನೆಲ ಮುಟ್ಟುವವರೆಗಿನದಲ್ಲ; ವಿಮಾನವು ತಾನು ನಿಂತ ಸ್ಥಳದಿಂದ ಕದಲಿದುದು ಮೊದಲ್ಗೊಂಡು ಸೇರಿದೂರಿನಲ್ಲಿ ನಿಲ್ಲುವವರೆಗಿನದು. ರನ್‌ವೇಗೆ ನಿಧಾನವಾಗಿ ಸಾಗುವುದು, ಸರದಿಗಾಗಿ ಕಾಯುವುದು, ಕಡಮೆ ವೇಗದಲ್ಲಿ ಏರುವುದು, ಇಳಿಯುವುದಕ್ಕೆ ಮುನ್ನ ರನ್‌ವೇಯ ದಿಕ್ಕಿಗೆ ಸರಿಯಾಗಿ ಸುತ್ತಿ ಬರುವುದು, ಇವೆಲ್ಲವೂ ಅದರಲ್ಲಿ ಅಂತರ್ಗತ. ಅಂತರವು ಅಲ್ಪವಾದಷ್ಟೂ ಇವುಗಳ ಪಾಲು ಹೆಚ್ಚು. ಅಂತರವು ದೀರ್ಘವಾದಷ್ಟೂ ಕಡಮೆ. ಆದುದರಿಂದ ಅಂತರವು ಇಮ್ಮಡಿಯಾದರೆ ಕಾಲವೂ ಇಮ್ಮಡಿಯಾಗುವುದೆಂಬ ತ್ರೈರಾಶಿಕವು ಇಲ್ಲಿ ನಿಲ್ಲದು.

ಗಾಳಿಯ ವಿಷಯದಲ್ಲಿ ಇನ್ನೊಂದು ಭ್ರಾಂತಿಯುಂಟು. ಹೋಗುವಾಗ ಹಿಂದಿನಿಂದ ಬೀಸುವ ಗಾಳಿಯು ಬರುವಾಗ ಎದುರಾಗುವುದರಿಂದ ಲಾಭನಷ್ಟಗಳು ಸಮವಾಗುವುವೆಂದು ಅನೇಕರು ಎಣಿಸುತ್ತಾರೆ. ೧,೭೦೦ ಕಿಲೋಮೀಟರು ಅಂತರದಲ್ಲಿ ೮೫೦ರ ವೇಗದ ವಿಮಾನಕ್ಕೆ ಘಂಟೆಗೆ ೧೦೦ ಕಿಲೋಮೀಟರಿನ ಗಾಳಿಯು ಅನುಕೂಲವಾದರೆ ವೇಗವು ೯೫೦, ಕಾಲವು ಸುಮಾರು ೧೦೭ ನಿಮಿಷ. ಪ್ರತಿಕೂಲವಾದರೆ ವೇಗವು ೭೫೦, ಕಾಲವು ೧೩೬ ನಿಮಿಷ. ಎರಡೂ ಸೇರಿ ೨೪೩ ನಿಮಿಷ. ಗಾಳಿಯೇ ಇಲ್ಲದಿದ್ದರೆ ೨೪೦ ನಿಮಿಷ ಸಾಕಾಗಿತ್ತು. ಪ್ರತಿಕೂಲವಾದ ಗಾಳಿಯಲ್ಲಿ ವಿಮಾನವು ಹೆಚ್ಚು ಹೊತ್ತು ಇರುವುದರಿಂದ ನಷ್ಟವೇ ಮಿಗುವುದು. ಹೊಳೆಯಲ್ಲಿ ದೋಣಿಯನ್ನು ಮೇಲಕ್ಕೂ ಕೆಳಕ್ಕೂ ನಡೆಸುವವನಿಗೆ ಇದು ಅನುಭವಸಿದ್ಧ. ಚಳಿಗಾಲದಲ್ಲಿ ಉತ್ತರಭಾರತದ ಮೇಲೆ ಬಹು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಪ್ರಬಲವಾದ ಜೆಟ್ ಪ್ರವಾಹವು ಬೀಸುತ್ತದೆ. ಪೂರ್ವಪಶ್ಚಿಮವಾಗಿ ಸಂಚರಿಸುವ ವಿಮಾನಗಳಿಗೆ ಹೋಗುವ ಕಾಲಕ್ಕೂ ಬರುವ ಕಾಲಕ್ಕೂ ಎದ್ದುಕಾಣುವ ಭೇದವಿರುವುದು ಇಂಥ ಗಾಳಿಗಳಿಂದಲೇ. ದಕ್ಷಿಣೋತ್ತರವಾಗಿ ಸಾಗುವ ಬೆಂಗಳೂರು ದಿಲ್ಲಿಯ ವಿಮಾನಕ್ಕೆ ಅದು ಪಕ್ಕದಿಂದ ತಾಗುವುದರಿಂದ ಆ ಭೇದವು ಅಷ್ಟಾಗಿ ತೋರದು.

ಕೊನೆಯದಾಗಿ ಗಡಿಯಾರದ ವಿಚಾರ. ೩೬೦ ಅಂಶಗಳಿಗೆ ೬೦ ಘಟಿಕೆಗಳಾದುದರಿಂದ ಒಂದು ಅಂಶದ ದೇಶಾಂತರಕ್ಕೆ ಹತ್ತು ವಿಘಟಿಕೆ, ಎಂದರೆ ನಾಲ್ಕು ನಿಮಿಷ, ಕಾಲಭೇದವುಂಟು. ಚಂದ್ರಗ್ರಹಣವು ಗಣಿತಾಗತಕಾಲಕ್ಕಿಂತ ಮುಂಚೆ ಕಂಡಿತೋ ತರುವಾಯ ಕಂಡಿತೋ ಎಂಬುದರಿಂದ ದೇಶಾಂತರವನ್ನು ತಿಳಿಯಬೇಕೆಂದು ಸೂರ್ಯಸಿದ್ಧಾಂತವು ವಿಧಿಸಿರುವುದು ಇದೇ ಸಂಬಂಧದಿಂದ. ಈಗ ಪ್ರತಿಯೊಂದು ದೇಶವೂ ಒಂದೊಂದು ರೇಖೆಯ ಕಾಲವನ್ನು ಅಂಗೀಕರಿಸಿದೆ. ಭಾರತಕ್ಕೆ ಅದು ಪೂರ್ವ ೮೨ ಅಂಶ ೩೦ ಕಲೆಯ ರೇಖೆ, ಸ್ಯಾನ್ ಫ್ರಾನ್ಸಿಸ್ಕೊಗೆ ಚಳಿಗಾಲದಲ್ಲಿ ಪಶ್ಚಿಮ ೧೨೦ ಅಂಶದ ರೇಖೆ. ಇವುಗಳ ನಡುವಣ ೨೦೨ ಅಂಶ ೩೦ ಕಲೆಗೆ ಹದಿಮೂರೂವರೆ ಘಂಟೆಗಳ ಭೇದವು ಬರುತ್ತದೆ. ಮೇಲೆ ಹೇಳಿದ ೨೦೨೧ರ ವಿಮಾನವು ಜನವರಿ ೯ರ ರಾತ್ರಿ ಹೊರಟು ೧೧ರ ಬೆಳಗಿನ ಜಾವದಲ್ಲಿ ಬೆಂಗಳೂರನ್ನು ಸೇರಿತು. ಆಯಾ ಊರಿನ ಗಡಿಯಾರಗಳನ್ನು ನೋಡಿದರೆ ಮೂವತ್ತು ಘಂಟೆಗಳಿಗೂ ಮಿಗಿಲಾದ ಪ್ರಯಾಣವೆಂದು ತೋರುವುದು. ಹದಿಮೂರೂವರೆಯನ್ನು ಕಳೆದರೆ ಉಳಿಯುವುದು ಸುಮಾರು ಹದಿನೇಳು ಘಂಟೆಗಳ ನಿಜವಾದ ಪ್ರಯಾಣಕಾಲ. ಪ್ರಯಾಣಿಕನು ಅನುಭವಿಸಿದುದು ಒಂದು. ದಿನದರ್ಶಿಕೆಯು ಎಣಿಸಿದುದು ಇನ್ನೊಂದು.

೫. ಉಪಸಂಹಾರ

ಮೇಲಣ ವಿಚಾರದಿಂದ ಸಿದ್ಧವಾಗುವುದಿಷ್ಟು. ಅಂತರವನ್ನು ಕೊಟ್ಟ ಮಾತ್ರಕ್ಕೆ ಕಾಲವನ್ನು ಹೇಳಲಾಗದು. ಕಾಲವನ್ನು ಕೊಟ್ಟ ಮಾತ್ರಕ್ಕೆ ಅಂತರವನ್ನೂ ಹೇಳಲಾಗದು. ಪುಷ್ಪಕದ ವಿಷಯದಲ್ಲಿ ವಿದ್ಯಾರ್ಥಿಯು ಕೇಳಿದ ಪ್ರಶ್ನೆಗೆ, ಕವಿಯು ವೇಗವನ್ನಾಗಲಿ ಗಾಳಿಯನ್ನಾಗಲಿ ಗಣಿತದೃಷ್ಟಿಯಿಂದ ಹೇಳಹೊರಟವನಲ್ಲವೆಂಬುದೇ ಸತ್ಯವಾದ ಉತ್ತರ. ಅಲ್ಲಿ ಘಂಟೆಗಳನ್ನು ಹುಡುಕುವುದು ಕಾವ್ಯಕ್ಕೂ ಗಣಿತಕ್ಕೂ ಅಪಚಾರವೆನಿಸುವುದು.

ಈ ಎಚ್ಚರಿಕೆಯು ಅವಶ್ಯಕವಾಗಿರುವುದಕ್ಕೆ ಕಾರಣವುಂಟು. ಪ್ರಾಚೀನರಿಗೆ ವಿಮಾನಯಂತ್ರಗಳ ನಿರ್ಮಾಣವೇ ತಿಳಿದಿತ್ತೆಂದು ಸಾಧಿಸಲು ಭರದ್ವಾಜಪ್ರಣೀತವೆಂದು ಪ್ರಚಾರವಾದ ವೈಮಾನಿಕಶಾಸ್ತ್ರವನ್ನು ಉದಾಹರಿಸುವವರು ಪಂಡಿತರಲ್ಲಿಯೂ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನಸಂಸ್ಥೆಯ ವಿದ್ವಾಂಸರು ಆ ಗ್ರಂಥವನ್ನು ಭಾಷೆಯಿಂದಲೂ ಯಂತ್ರಶಾಸ್ತ್ರದಿಂದಲೂ ಪರೀಕ್ಷಿಸಿ ೧೯೭೪ರಲ್ಲಿ ಪ್ರಕಟಿಸಿದ ಅಭಿಪ್ರಾಯದಂತೆ, ಅದು ಇಪ್ಪತ್ತನೆಯ ಶತಮಾನದ ಆರಂಭದ ರಚನೆ; ಅದರಲ್ಲಿ ವರ್ಣಿತವಾದ ಯಂತ್ರಗಳು ಹಾರಲಾರವು. ಇಲ್ಲದ ಯಂತ್ರವನ್ನು ಪೂರ್ವಿಕರಿಗೆ ಆರೋಪಿಸುವ ಉತ್ಸಾಹದಲ್ಲಿ ಅವರಿಗೆ ನಿಜವಾಗಿಯೂ ಇದ್ದ ಗೋಲವಿದ್ಯೆಯು ಮರೆತುಹೋಗುತ್ತಿರುವುದು ಶೋಚನೀಯ. ಅವರು ಹಾರಲಿಲ್ಲ, ಆದರೆ ಹಾರುವವನಿಗೆ ಇಂದು ಬೇಕಾದ ಅಂತರವನ್ನು ಸಾಧಿಸುವ ಯುಕ್ತಿಯನ್ನು, ನೆಲದ ಮೇಲೆ ಶಂಕುವನ್ನು ನೆಟ್ಟು ನೆರಳನ್ನು ನೋಡುತ್ತ, ಬರೆದಿಟ್ಟರು. ಸಾಧಾರಣ ಜ್ಯಾಕೋಷ್ಟಕವೊಂದನ್ನು ಕೈಯಲ್ಲಿ ಹಿಡಿದು, ತ್ರಿಪ್ರಶ್ನಾಧಿಕಾರವನ್ನು ಓದಿದ ವಿದ್ಯಾರ್ಥಿಯು ಯಾವ ಎರಡು ವಿಮಾನನಿಲ್ದಾಣಗಳ ಅಂತರವನ್ನಾದರೂ ತಾನೇ ಎಣಿಸಿ ನೋಡಬಹುದು. ಉಪಾಧ್ಯಾಯರು ಒಂದೆರಡು ಉದಾಹರಣೆಗಳನ್ನು ಹೀಗೆ ಮಾಡಿಸಿದರೆ, ಪೂರ್ವಿಕರ ಮೇಲಣ ಗೌರವವು ಆಧಾರವಿಲ್ಲದ ಸ್ತುತಿಯಿಂದಲ್ಲದೆ ಲೆಕ್ಕದಿಂದಲೇ ದೃಢವಾಗುವುದು.